ಮೆದುಳಿನ ರಕ್ತನಾಳ ಗಟ್ಟಿಯಾಗಿದೆ ಅಂತ ರಿಪೋರ್ಟ್ ಬಂದ್ರೆ ಮನೆಯಲ್ಲಿ ಎಂತ ಮಾಡ್ಬೇಕು

ನಮ್ಮ ಅಪ್ಪ ತೆಂಗಿನಕಾಯಿ ಕೊಯ್ಸಿದ ದಿನ ಲೆಕ್ಕ ಬರೆದಿಡುವವರು. ಅದಕ್ಕೊಂದು ಹಳೇ ಉದ್ದ ಪುಸ್ತಕ ಉಂಟು, ಯಾವ ಮರದಲ್ಲಿ ಎಷ್ಟು ಕಾಯಿ, ಕೊಯ್ದವನಿಗೆ ಎಷ್ಟು ಕೊಟ್ಟದ್ದು ಎಲ್ಲ ಅದರಲ್ಲಿ. ಆವತ್ತು ಚಾವಡಿಯಲ್ಲಿ ಕೂತು ಬರೀತಾ ಇದ್ದಾಗ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿ ಜಾರಿ ಹಾಳೆಯ ಮೂಲೆಗೆ ಹೋಗಿದೆ, ಪೆನ್ನು ಕೈಯಿಂದ ಬಿದ್ದದ್ದು ಅವರಿಗೆ ಗೊತ್ತೇ ಆಗ್ಲಿಲ್ಲ, ಅಮ್ಮ ಕೇಳಿದ್ದಕ್ಕೆ ಬಾಯಲ್ಲಿ ಏನೋ ಗುಣುಗುಣು. ಒಂದು ಹತ್ತು ನಿಮಿಷ, ಅಷ್ಟೇ. ಮತ್ತೆ ಎಲ್ಲ ಸರಿ, ಚಾ ಕುಡಿದ್ರು, ಪೇಪರ್ ಓದಿದ್ರು. ಬಿಸಿಲಿಗೆ ನಿಂತದ್ದಲ್ವಾ, ಪಿತ್ತ ಏರಿರ್ಬೇಕು ಅಂತ ನಾವೂ ಸುಮ್ಮನಾದ್ವಿ. ಅದು ನಾವು ಮಾಡಿದ ತಪ್ಪು. ಮರುದಿನ ಅಕ್ಕ ಫೋನಲ್ಲಿ ಬೈದ ಮೇಲೆ ಕರ್ಕೊಂಡು ಹೋದದ್ದು, ಎಮ್‌ಆರ್‌ಐ ಮಾಡಿ ಡಾಕ್ಟ್ರು ಹೇಳಿದ್ರು, ಮೆದುಳಿಗೆ ಹೋಗುವ ರಕ್ತನಾಳ ಗಟ್ಟಿಯಾಗಿ ಕಿರಿದಾಗಿದೆ, ನಿನ್ನೆ ಆದದ್ದು ಟಿಐಎ, ಅಂದ್ರೆ ಬಂದು ಹೋದ ಸ್ಟ್ರೋಕು.

ಆಮೇಲೆ ಎರಡು ವರ್ಷ ಅವರನ್ನು ನೋಡ್ಕೊಳ್ತಾ, ಡಾಕ್ಟ್ರ ಹತ್ರ ಕೇಳ್ತಾ, ಓದ್ತಾ ನನಗೆ ಗೊತ್ತಾದದ್ದನ್ನು ಇಲ್ಲಿ ಬರೀತಾ ಇದ್ದೇನೆ. ನಾನು ಡಾಕ್ಟರ್ ಅಲ್ಲ, ಮಾತ್ರೆ ಯಾವುದು ಎಷ್ಟು ಅಂತ ನಿಮ್ಮ ಡಾಕ್ಟ್ರೇ ಹೇಳ್ಬೇಕು. ಆದ್ರೆ ಡಾಕ್ಟ್ರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವುದು, ಉಳಿದ ದಿನ ಪೂರ್ತಿ ಮನೆಯವರೇ ನೋಡುವುದಲ್ವಾ, ಹಾಗಾಗಿ ಮನೆಯವರಿಗೆ ಗೊತ್ತಿರ್ಲೇಬೇಕು.

ಮೊದಲನೇದು, ನಮ್ಮ ಕಡೆ ಎಲ್ಲದಕ್ಕೂ "ನರ" ಅಂತ ಹೇಳ್ತೇವೆ, "ತಲೆಯ ನರ ಬ್ಲಾಕ್ ಆಗಿದೆ" ಅಂತ. ಅದ್ರಿಂದ ದೊಡ್ಡ ಗೊಂದಲ ಆಗ್ತದೆ. ನರ ಬೇರೆ, ರಕ್ತನಾಳ ಬೇರೆ. ನಮ್ಮ ಪರಿಚಯದವರೊಬ್ಬರು ಇದೇ ಕಾಯಿಲೆಗೆ ಮೆಡಿಕಲಲ್ಲಿ "ನರದ ಮಾತ್ರೆ ಕೊಡಿ" ಅಂತ ಕೇಳಿ ವಿಟಮಿನ್ ಮಾತ್ರೆ ನುಂಗ್ತಾ ಕೂತಿದ್ರು ಎಷ್ಟೋ ತಿಂಗಳು, ಬಿಪಿ ಮಾತ್ರೆ ಬಿಟ್ಟು. ಇಲ್ಲಿ ತೊಂದರೆ ಇರುವುದು ರಕ್ತ ಹರಿಯುವ ನಾಳದಲ್ಲಿ. ನಾಳದ ಗೋಡೆಯ ಒಳಗೆ ಎಲ್‌ಡಿಎಲ್ ಅಂತ ಹೇಳುವ ಕೆಟ್ಟ ಕೊಲೆಸ್ಟ್ರಾಲ್ ಸೇರಿ, ಅದರ ಮೇಲೆ ಉರಿಯೂತ ಆಗಿ, ವರ್ಷಗಟ್ಟಲೆ ಕಳೆದು ಸುಣ್ಣದ ಅಂಶ ಕೂತು ಗಟ್ಟಿಯಾಗ್ತದೆ. ಬಿಪಿ, ಶುಗರ್, ಬೀಡಿ ಸಿಗರೇಟು, ವಯಸ್ಸು ಎಲ್ಲ ಸೇರಿ ಅದನ್ನು ಜಾಸ್ತಿ ಮಾಡ್ತವೆ. ಮೆದುಳು ತೂಕದಲ್ಲಿ ದೇಹದ 2 ಪರ್ಸೆಂಟ್ ಮಾತ್ರ, ಆದ್ರೆ ನಾವು ಎಳೆದುಕೊಳ್ಳುವ ಆಕ್ಸಿಜನ್‌ನಲ್ಲಿ ಹೆಚ್ಚುಕಡಿಮೆ 20 ಪರ್ಸೆಂಟ್ ಅದಕ್ಕೇ ಬೇಕು, ಹಾಗಾಗಿ ಸ್ವಲ್ಪ ಹೊತ್ತು ರಕ್ತ ನಿಂತ್ರೂ ಅದು ತಡ್ಕೊಳ್ಳುವುದಿಲ್ಲ.

ತೋಟದ ಪೈಪಲ್ಲಿ ಕೆಸರು ಕೂತ್ರೆ ಜೋರಾಗಿ ನೀರು ಬಿಟ್ಟು ತೊಳೀಬಹುದು. ಇದು ಹಾಗಲ್ಲ. ಕಸ ಇರುವುದು ಪೈಪಿನ ಒಳಗೆ ಅಲ್ಲ, ಪೈಪಿನ ಗೋಡೆಯೊಳಗೆ. ಬೆಳ್ಳುಳ್ಳಿ ಲಿಂಬೆ ಶುಂಠಿ ಕುದಿಸಿ ಕುಡಿದ್ರೆ ಬ್ಲಾಕ್ ಕ್ಲೀನ್ ಅಂತ ವಾಟ್ಸಾಪಲ್ಲಿ ಬರ್ತದಲ್ಲ, ಅದನ್ನು ನಂಬಿ ಮಾತ್ರೆ ಬಿಡ್ಬೇಡಿ ದಯವಿಟ್ಟು. ಕಷಾಯ ರುಚಿಗೆ ಕುಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ. ನಿಜ ಹೇಳ್ಬೇಕಂದ್ರೆ ಗಟ್ಟಿಯಾದ ನಾಳವನ್ನು ಮೊದಲಿನ ಹಾಗೆ ಮಾಡುವ ಔಷಧ ಇಲ್ಲ. ಮಾಡ್ಲಿಕ್ಕೆ ಆಗುವುದು ಎಂತ ಅಂದ್ರೆ ಗೋಡೆಯೊಳಗೆ ಸೇರಿದ ಆ ಕೊಬ್ಬಿನ ಗಡ್ಡೆ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳುವುದು, ಇನ್ನೂ ಜಾಸ್ತಿ ಆಗದ ಹಾಗೆ ತಡೆಯುವುದು. ಇದು ಸಣ್ಣ ವಿಷಯ ಅಲ್ಲ, ಸರಿಯಾಗಿ ಮಾಡಿದ್ರೆ ತುಂಬ ವರ್ಷ ಚೆನ್ನಾಗಿ ಬದುಕುವವರು ಇದ್ದಾರೆ.

ರಿಪೋರ್ಟ್ ಹಿಡ್ಕೊಂಡು ಡಾಕ್ಟ್ರ ಹತ್ರ ಕೂತಾಗ ಎರಡು ಪ್ರಶ್ನೆ ಕೇಳಿಯೇ ಎದ್ದು ಬನ್ನಿ. ಯಾವ ನಾಳ, ಕುತ್ತಿಗೆಯದ್ದಾ ಮೆದುಳಿನ ಒಳಗಿನದ್ದಾ? ಎಷ್ಟು ಪರ್ಸೆಂಟ್ ಕಿರಿದಾಗಿದೆ? ಯಾಕಂದ್ರೆ ಚಿಕಿತ್ಸೆ ಅದರ ಮೇಲೆ ನಿಂತಿದೆ. ಕುತ್ತಿಗೆಯ ಕ್ಯಾರೋಟಿಡ್ ನಾಳ 70 ಪರ್ಸೆಂಟ್ ಮೇಲೆ ಕಿರಿದಾಗಿ, ಅದ್ರಿಂದಲೇ ಸ್ಟ್ರೋಕ್ ಅಥವಾ ಟಿಐಎ ಆಗಿದ್ರೆ ಆಪರೇಷನ್ ಮಾಡಿ ಆ ಗಡ್ಡೆ ತೆಗೆಯುವ ವಿಷಯ ಬರ್ತದೆ, ಅದು ಎರಡು ವಾರದ ಒಳಗೆ ಆದ್ರೆ ಲಾಭ ಜಾಸ್ತಿ, ಆಮೇಲೆ ನೋಡುವ ಅಂತ ಮುಂದೆ ಹಾಕುವಂಥದ್ದಲ್ಲ. ಮೆದುಳಿನ ಒಳಗಿನ ನಾಳ ಆದ್ರೆ ಲೆಕ್ಕ ಬೇರೆ. ನಮ್ಮ ಏಷ್ಯಾದವರಲ್ಲಿ ಈ ಒಳಗಿನದ್ದು ಬಿಳಿಯರಿಗಿಂತ ಜಾಸ್ತಿ. "ಹಾರ್ಟಿಗೆ ಸ್ಟೆಂಟ್ ಹಾಕ್ತಾರಲ್ಲ, ತಲೆಗೂ ಹಾಕಿಬಿಡಿ, ಎಷ್ಟಾದ್ರೂ ಆಗ್ಲಿ" ಅಂತ ನಾನೂ ಕೇಳಿದ್ದೆ. 2011ರಲ್ಲಿ ಅಮೆರಿಕದಲ್ಲಿ ಸ್ಯಾಂಪ್ರಿಸ್ ಅಂತ ಒಂದು ಸ್ಟಡಿ ಬಂದಿದೆ, ಒಳಗಿನ ನಾಳ 70ರಿಂದ 99 ಪರ್ಸೆಂಟ್ ಕಿರಿದಾದ 451 ಜನರ ಮೇಲೆ. ಮೊದಲ 30 ದಿನದಲ್ಲಿ ಸ್ಟ್ರೋಕ್ ಅಥವಾ ಸಾವು ಆದದ್ದು ಸ್ಟೆಂಟ್ ಹಾಕಿದವರಲ್ಲಿ 14.7 ಪರ್ಸೆಂಟ್, ಬರೀ ಮಾತ್ರೆ, ಪಥ್ಯ, ವ್ಯಾಯಾಮದಲ್ಲಿ ಇದ್ದವರಲ್ಲಿ 5.8. ಅದಕ್ಕೇ ಡಾಕ್ಟ್ರು ಮೊದಲು ಮಾತ್ರೆಯಲ್ಲೇ ನೋಡುವ ಅನ್ನುವುದು, ನಿಮ್ಮನ್ನು ಕಡೆಗಣಿಸಿದ್ದಲ್ಲ. ಜೊತೆಗೆ ಇಸಿಜಿ, ಎಕೋ, ಶುಗರಿನ ಮೂರು ತಿಂಗಳ ಸರಾಸರಿ, ಕೊಲೆಸ್ಟ್ರಾಲ್ ನೋಡುವ ಲಿಪಿಡ್, ಕಿಡ್ನಿ ನೋಡುವ ಕ್ರಿಯಾಟಿನಿನ್ ಎಲ್ಲ ಮಾಡಿಸ್ತಾರೆ. ಎದೆಬಡಿತ ತಪ್ಪಿ ಬಡಿಯುವುದರಿಂದಲೂ ಸ್ಟ್ರೋಕ್ ಆಗ್ತದೆ, ಅದಕ್ಕೆ ಔಷಧವೇ ಬೇರೆ, ಹಾಗಾಗಿ ಹಾರ್ಟ್ ಟೆಸ್ಟ್ ಯಾಕೆ ಅಂತ ತಕರಾರು ಬೇಡ.

ಇನ್ನು ಮಾತ್ರೆ. ಮುಖ್ಯವಾಗಿ ಮೂರು ಗುಂಪು ಇರ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ ಥರದ್ದು, ಬಿಪಿಯದ್ದು. ಶುಗರ್ ಇದ್ರೆ ಅದರದ್ದೂ. ಶುರುವಿನಲ್ಲಿ ಆಸ್ಪಿರಿನ್ ಮತ್ತೆ ಕ್ಲೋಪಿಡೋಗ್ರೆಲ್ ಎರಡೂ ಒಟ್ಟಿಗೆ ಕೊಡುವುದುಂಟು, ಸಣ್ಣ ಸ್ಟ್ರೋಕ್, ಟಿಐಎ ಆದವರಿಗೆ 21 ದಿನದ ಹಾಗೆ, ಒಳಗಿನ ನಾಳ ತುಂಬ ಕಿರಿದಾಗಿದ್ರೆ 90 ದಿನದ ತನಕ. ಆಮೇಲೆ ಒಂದು ನಿಲ್ಲಿಸ್ತಾರೆ, ಎರಡನ್ನೂ ಎಳೀತಾ ಹೋದ್ರೆ ರಕ್ತಸ್ರಾವದ ಭಯ. ನಿಲ್ಲಿಸುವ ತಾರೀಕು ಯಾವುದು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ, ನಾವು ಕ್ಯಾಲೆಂಡರಲ್ಲಿ ಕೆಂಪು ಸುತ್ತು ಹಾಕಿಟ್ಟಿದ್ವಿ. ಮಲ ಡಾಂಬರಿನ ಹಾಗೆ ಕಪ್ಪಾದ್ರೆ ಅದು ಹೊಟ್ಟೆಯೊಳಗೆ ರಕ್ತ ಹೋಗುವ ಲಕ್ಷಣ, ಕೂಡ್ಲೇ ತೋರಿಸ್ಬೇಕು. ಹಲ್ಲು ಕೀಳಿಸ್ಲಿಕ್ಕುಂಟು ಅಂತ ನೀವೇ ಆಸ್ಪಿರಿನ್ ನಿಲ್ಲಿಸ್ಬೇಡಿ, ನ್ಯೂರೋ ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳಿ.

ಕೊಲೆಸ್ಟ್ರಾಲ್ ಮಾತ್ರೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಮೊದಲು ಬಿಡುವುದು ಇದನ್ನೇ. "ರಿಪೋರ್ಟಲ್ಲಿ ಕೊಲೆಸ್ಟ್ರಾಲ್ ನಾರ್ಮಲ್ ಅಂತ ಉಂಟಲ್ಲ, ಮತ್ತೆ ಯಾಕೆ" ಅಂತ. ಲ್ಯಾಬಿನ ನಾರ್ಮಲ್ ಆರೋಗ್ಯವಂತರಿಗೆ. ನಾಳ ಗಟ್ಟಿಯಾಗಿ ಟಿಐಎ ಆದವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗೆ ಇರ್ಬೇಕು ಅಂತ ಡಾಕ್ಟ್ರುಗಳು ನೋಡ್ತಾರೆ. ಈ ಮಾತ್ರೆ ಕೊಲೆಸ್ಟ್ರಾಲ್ ಇಳಿಸುವುದು ಮಾತ್ರ ಅಲ್ಲ, ಗೋಡೆಯೊಳಗಿನ ಗಡ್ಡೆ ಸುಲಭಕ್ಕೆ ಒಡೆಯದ ಹಾಗೆಯೂ ಮಾಡ್ತದೆ. ಮೈಕೈ ನೋವು ಜೋರಾದ್ರೆ, ಮೂತ್ರ ಕಪ್ಪು ಚಾ ಬಣ್ಣಕ್ಕೆ ಬಂದ್ರೆ ಕೂಡ್ಲೇ ಡಾಕ್ಟ್ರಿಗೆ ಹೇಳಿ, ಅವ್ರು ಡೋಸ್ ಇಳಿಸ್ತಾರೆ ಇಲ್ಲಾ ಬೇರೆ ಕೊಡ್ತಾರೆ. ನೀವಾಗೇ ಬಿಡುವುದು ಮಾತ್ರ ಬೇಡ. ಖರ್ಚಿನ ಚಿಂತೆ ಇದ್ರೆ ಜನೌಷಧಿ ಕೇಂದ್ರದಲ್ಲಿ ಇವೆಲ್ಲ ಬಹಳ ಕಡಿಮೆಗೆ ಸಿಗ್ತವೆ, ಡಾಕ್ಟ್ರ ಹತ್ರ ಔಷಧದ ಮೂಲ ಹೆಸರು ಬರೆದುಕೊಡಿ ಅಂತ ಕೇಳಿದ್ರೆ ಆಯ್ತು.

ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಅದು ಬಿಪಿ ಏರಿಸ್ತದೆ, ಕಿಡ್ನಿಗೆ ಕೆಟ್ಟದ್ದು, ಐಬುಪ್ರೊಫೆನ್ ಅಂತೂ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರ್ತದೆ.

ಬಿಪಿ ಬಗ್ಗೆ ನಾನು ಎಷ್ಟು ಹೇಳಿದ್ರೂ ಕಡಿಮೆ. ಈ ಕಾಯಿಲೆಯಲ್ಲಿ ನಿಮ್ಮ ಕೈಯಲ್ಲಿ ಇರುವ ಅತಿ ದೊಡ್ಡ ಹಿಡಿತ ಅದೇ. ಹೆಚ್ಚಿನವರಿಗೆ 130/80ರ ಕೆಳಗೆ ಅಂತ ಗುರಿ ಇಡ್ತಾರೆ, ತುಂಬ ವಯಸ್ಸಾಗಿ ತಲೆ ತಿರುಗುವವರಿಗೆ ಡಾಕ್ಟ್ರು ಬೇರೆ ನಂಬರ್ ಕೊಡಬಹುದು, ಕೇಳಿ ಬರೆದಿಟ್ಕೊಳ್ಳಿ. ತೋಳಿಗೆ ಕಟ್ಟುವ ಮೆಷಿನ್ ತನ್ನಿ, ಮಣಿಕಟ್ಟಿನದ್ದು ಬೇಡ. ನಮ್ಮ ಮನೆಯಲ್ಲಿ ಹೀಗೆ ಮಾಡ್ತೇವೆ: ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು, ಮಾತ್ರೆ ತಗೊಳ್ಳುವ ಮೊದಲು, ಬೆನ್ನಿಗೆ ಆಧಾರ ಇರುವ ಕುರ್ಚಿಯಲ್ಲಿ ಅಪ್ಪ ಐದು ನಿಮಿಷ ಸುಮ್ಮನೆ ಕೂರ್ತಾರೆ. ಎರಡೂ ಕಾಲು ನೆಲಕ್ಕೆ, ಕಾಲ ಮೇಲೆ ಕಾಲು ಹಾಕ್ಲಿಕ್ಕಿಲ್ಲ. ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ನಮ್ಮ ಮೇಜು ಗಿಡ್ಡ, ಹಾಗಾಗಿ ಕೆಳಗೆ ಒಂದು ದಿಂಬು ಇಡ್ತೇವೆ. ಪಟ್ಟಿ ಬರಿ ತೋಳಿಗೆ, ಅಂಗಿ ಮೇಲೆ ಅಲ್ಲ. ಆ ಹೊತ್ತಿಗೆ ಯಾರೂ ಮಾತಾಡ್ಲಿಕ್ಕಿಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ಬರೀತೇವೆ. ಬರೆಯುವುದು ಅಪ್ಪನೇ, ಅದೇ ತೆಂಗಿನಕಾಯಿ ಪುಸ್ತಕದ ಹಿಂದಿನ ಹಾಳೆಯಲ್ಲಿ. ಅಕ್ಷರ ಗೆರೆಯಲ್ಲಿ ಉಂಟಾ ಅಂತ ನಾನು ಅಲ್ಲೇ ನೋಡ್ತೇನೆ. ಡಾಕ್ಟ್ರ ಹತ್ರ ಹೋಗುವಾಗ ಆ ಪುಸ್ತಕವೇ ಹೋಗ್ತದೆ. ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬರ್ತದೆ ಅಂದ್ರೆ ನಿಂತ್ಕೊಂಡೂ ಒಮ್ಮೆ ಬಿಪಿ ನೋಡಿ ಬರೆದುಕೊಂಡು ಹೋಗಿ, ಮಾತ್ರೆ ಹೆಚ್ಚಾಗಿರಬಹುದು.

ದೊಡ್ಡ ತಪ್ಪು ಎಲ್ಲಿ ಆಗ್ತದೆ ಗೊತ್ತುಂಟಾ, ಬಿಪಿ 124/76 ಬಂತು ಅಂತ ಖುಷಿಯಾಗಿ ಮಾತ್ರೆ ನಿಲ್ಲಿಸುವುದರಲ್ಲಿ. ಮಾರ್ರೆ, ಅದು ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಅಪ್ಪ ಟಿಐಎ ಆಗುವ ಮೊದಲು ಎರಡು ತಿಂಗಳು ಹಾಗೇ ಮಾಡಿದ್ರು ಅಂತ ನಮಗೆ ಗೊತ್ತಾದದ್ದು ಆಮೇಲೆ, ಅಲ್ಮೇರದಲ್ಲಿ ತುಂಬಿದ ಮಾತ್ರೆ ಪಟ್ಟಿ ಸಿಕ್ಕಾಗ. ನಾವು ಯಾರೂ ಕೇಳಿರ್ಲಿಲ್ಲ. ಈಗ ವಾರದ ಏಳು ಖಾನೆಯ ಡಬ್ಬಿ ಉಂಟು, ಭಾನುವಾರ ಸಂಜೆ ಅಮ್ಮ ತುಂಬಿಸ್ತಾರೆ, ಯಾವ ಖಾನೆ ಖಾಲಿ ಆಗ್ಲಿಲ್ಲ ಅಂತ ನೋಡಿದ ಕೂಡ್ಲೇ ತಿಳೀತದೆ. ಮದುವೆ, ದೇವಸ್ಥಾನದ ಬ್ರಹ್ಮಕಲಶ, ರಾತ್ರಿಯಿಡೀ ಯಕ್ಷಗಾನದ ಆಟ ನೋಡ್ಲಿಕ್ಕೆ ಹೋಗುವಾಗ ಮಾತ್ರೆ ಜೇಬಲ್ಲಿ ಇರ್ಲಿ, ತಪ್ಪುವುದು ಅಂಥ ದಿನವೇ.

ಊಟದ ವಿಷಯಕ್ಕೆ ಬರುವ. ನಮ್ಮ ಕರಾವಳಿಯ ಊಟದಲ್ಲಿ ಒಳ್ಳೇದು ತುಂಬ ಉಂಟು, ಆದ್ರೆ ಎರಡು ಕಡೆ ನಾವು ಸೋಲ್ತೇವೆ, ಉಪ್ಪು ಮತ್ತೆ ತೆಂಗಿನೆಣ್ಣೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪಿನ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಇಡೀ ದಿನದ್ದು ಎಲ್ಲ ಸೇರಿ. ಈಗ ನಮ್ಮ ಒಂದು ಗಂಜಿ ಊಟ ನೋಡಿ, ಕುಚ್ಚಲಕ್ಕಿ ಗಂಜಿಗೆ ಉಪ್ಪು, ನೆಂಚಿಕೊಳ್ಳಲಿಕ್ಕೆ ಮಾವಿನಮಿಡಿ ಉಪ್ಪಿನಕಾಯಿ, ಒಂದು ಹಪ್ಪಳ, ಮಳೆಗಾಲ ಆದ್ರೆ ಸುಟ್ಟ ಒಣಮೀನು ಇಲ್ಲಾ ಉಪ್ಪುಸೊಳೆಯ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ. ಆ ಒಂದೇ ಊಟದಲ್ಲಿ ದಿನದ ಉಪ್ಪು ಮುಗೀತು. ಗಂಜಿ ಬಿಡಿ ಅಂತ ನಾನು ಹೇಳುವುದಿಲ್ಲ, ಅಪ್ಪ ಬಿಡುವವರೂ ಅಲ್ಲ. ಗಂಜಿಗೆ ಉಪ್ಪು ಹಾಕುವುದು ನಿಲ್ಲಿಸಿದ್ವಿ, ಉಪ್ಪಿನಕಾಯಿ ಬದಲು ಸುಟ್ಟ ಬದನೆಯ ಗೊಜ್ಜು, ಹುರುಳಿ ಚಟ್ನಿ, ಒಂದೆಲಗದ ತಂಬುಳಿ, ಹುಳಿ ಮತ್ತೆ ಹಸಿಮೆಣಸು ಸ್ವಲ್ಪ ಮುಂದೆ ಮಾಡಿದ್ರೆ ಉಪ್ಪು ಕಡಿಮೆ ಆದದ್ದು ನಾಲಗೆಗೆ ಅಷ್ಟು ಗೊತ್ತಾಗುವುದಿಲ್ಲ. ಮೊದಲ ಎರಡು ಮೂರು ವಾರ ಸಪ್ಪೆ ಸಪ್ಪೆ ಅಂತ ಜಗಳ ಇರ್ತದೆ, ಆಮೇಲೆ ನಾಲಗೆ ಹೊಂದಿಕೊಳ್ತದೆ, ಇದು ನಮ್ಮ ಮನೆಯ ಅನುಭವ. ಅಂಗಡಿಯ ಲೋ ಸೋಡಿಯಂ ಉಪ್ಪು ತರುವ ಮೊದಲು ಡಾಕ್ಟ್ರ ಹತ್ರ ಕೇಳಿ, ಅದರಲ್ಲಿ ಪೊಟ್ಯಾಶಿಯಂ ಉಂಟು, ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಶಿಯಂ ರಕ್ತದಲ್ಲಿ ಏರಿದ್ರೆ ಹೃದಯಕ್ಕೆ ಅಪಾಯ. ದಿನಾ ಬೊಂಡ (ಎಳನೀರು) ಕುಡಿಯುವವರೂ ಇದನ್ನೇ ಕೇಳ್ಬೇಕು, ಅದರಲ್ಲೂ ಪೊಟ್ಯಾಶಿಯಂ ಉಂಟು.

ತೆಂಗಿನೆಣ್ಣೆ ಬಗ್ಗೆ ಹೇಳಿದ್ರೆ ನಮ್ಮವರಿಗೆ ಸಿಟ್ಟು ಬರ್ತದೆ, ನಮ್ಮಜ್ಜ ನೂರು ವರ್ಷ ಅದನ್ನೇ ತಿಂದು ಬದುಕಿದ್ರು ಅಂತ. ಆದ್ರೆ ಅದರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಏರಿಸ್ತದೆ, ಇದು ಪರೀಕ್ಷೆ ಮಾಡಿ ನೋಡಿದ ವಿಷಯ. ಅಜ್ಜ ಬೆಳಿಗ್ಗೆಯಿಂದ ಗದ್ದೆಯಲ್ಲಿ ಇದ್ದವರು, ನಾವು ಕುರ್ಚಿಯಲ್ಲಿ ಇರುವವರು. ಒಗ್ಗರಣೆಗೆ ಒಂದು ಸಣ್ಣ ಚಮಚ ತೆಂಗಿನೆಣ್ಣೆ ಪರಿಮಳಕ್ಕೆ ಇರ್ಲಿ, ಉಳಿದ ಅಡಿಗೆಗೆ ಶೇಂಗಾ, ಎಳ್ಳು, ಸೂರ್ಯಕಾಂತಿ ಯಾವುದಾದ್ರೂ, ಅದೂ ಕಡಿಮೆ. ನಮ್ಮ ಮನೆಯಲ್ಲಿ ಈಗ ಎಲ್ಲ ಎಣ್ಣೆ ಸೇರಿ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಲೆಕ್ಕ. ಗೋಳಿಬಜೆ, ಬನ್ಸ್, ಚಟ್ಟಂಬಡೆಯಂಥ ಕರಿದ ತಿಂಡಿ ಹಬ್ಬಕ್ಕೆ, ದಿನಾ ಸಂಜೆ ಅಲ್ಲ. ಮೀನು ತಿನ್ನುವವರಿಗೆ ಒಳ್ಳೇ ಸುದ್ದಿ, ಬಂಗುಡೆ ಬೂತಾಯಿ ಎರಡರಲ್ಲೂ ಒಮೇಗಾ 3 ಕೊಬ್ಬು ಚೆನ್ನಾಗಿ ಉಂಟು, ಮಲ್ಪೆಯಲ್ಲಿ ಅಗ್ಗದ ಮೀನೂ ಅದೇ. ರವೆ ಫ್ರೈ ಬದಲು ಹುಳಿ ಖಾರದ ಪುಳಿಮುಂಚಿ ಮಾಡಿ, ಇಲ್ಲಾ ಬಾಳೆಲೆಯಲ್ಲಿ ಸುತ್ತಿ ಕಾವಲಿಯಲ್ಲಿ ಬೇಯಿಸಿ. ಮೀನು ತಿನ್ನದವರಿಗೆ ಹುರುಳಿ, ಹೆಸರು, ಅಲಸಂಡೆ, ಬಸಳೆ, ಹರಿವೆ, ಯಾವುದಕ್ಕೂ ಕೊರತೆ ಇಲ್ಲ ಇಲ್ಲಿ. ಶುಗರ್ ಇದ್ರೆ ಅನ್ನ ಅಳತೆ ಮಾಡಿ, ಕುಚ್ಚಲಕ್ಕಿ ಆದ್ರೂ ಅನ್ನ ಅನ್ನವೇ.

ಬೀಡಿ ಬಿಡ್ಲೇಬೇಕು. ದಿನಕ್ಕೆ ಎರಡೇ ಅಂತ ಕಮ್ಮಿ ಮಾಡಿದ್ರೆ ಸಾಲದು, ಎಲೆಯಡಿಕೆಯ ಒಟ್ಟಿಗಿನ ಹೊಗೆಸೊಪ್ಪೂ ಹೋಗ್ಬೇಕು. ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಎಷ್ಟೋ ಅಮ್ಮಂದಿರು ಇದ್ದಾರೆ, ಅವರ ಮೇಲೆ ನನಗೆ ಗೌರವ ಉಂಟು, ಆದ್ರೆ ಸೇದುವವನ ನಾಳಕ್ಕೆ ಅದು ವಿಷವೇ. ಒಬ್ಬರಿಂದಲೇ ಬಿಡ್ಲಿಕ್ಕೆ ಆಗದಿದ್ರೆ ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆ ಎಲ್ಲ ಉಂಟು, ಡಾಕ್ಟ್ರ ಹತ್ರ ನಾಚಿಕೆ ಇಲ್ಲದೆ ಕೇಳಿ.

ನಡೆಯುವುದು ವಾರಕ್ಕೆ 150 ನಿಮಿಷ, ದಿನಕ್ಕೆ ಅರ್ಧ ಗಂಟೆ ಐದು ದಿನ. ಮಲ್ಪೆ ಬೀಚ್, ಅಜ್ಜರಕಾಡು, ಕದ್ರಿ ಪಾರ್ಕ್, ಎಲ್ಲಿ ಹತ್ತಿರವೋ ಅಲ್ಲಿ. ತೊಂದರೆ ಜೂನಿಂದ ಸೆಪ್ಟೆಂಬರ್, ಅಂಗಳದ ಪಾಚಿಯಲ್ಲಿ ಜಾರಿ ಸೊಂಟ ಮುರಿದುಕೊಂಡ್ರೆ ಇನ್ನೊಂದು ಕಥೆ. ನಾವು ಮಳೆಗಾಲದಲ್ಲಿ ಚಾವಡಿಯ ಈ ತುದಿಯಿಂದ ಆ ತುದಿಗೆ ಹತ್ತತ್ತು ನಿಮಿಷ ಮೂರು ಸಲ ಮಾಡಿಸ್ತೇವೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತ ಹಾಗೆ ಆಗುವುದಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ, ಬಿಪಿ ಇಳಿಯದೇ ಇರ್ಲಿಕ್ಕೆ ಅದು ಕಾರಣ ಆಗಿರಬಹುದು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಸಣ್ಣ ಸಣ್ಣ ನಾಳಗಳು ಹಾಳಾದಾಗ ಲಕ್ವ ಆಗದೆಯೂ ಮನುಷ್ಯ ನಿಧಾನ ಆಗ್ತಾರೆ. ಹೆಸರು ಮರೆಯುವುದಕ್ಕಿಂತ ಮೊದಲು ಲೆಕ್ಕ ತಪ್ತದೆ, ಬ್ಯಾಂಕ್ ಕೆಲಸ ಅರ್ಧಕ್ಕೆ ನಿಲ್ತದೆ, ಹೆಜ್ಜೆ ಚಿಕ್ಕ ಆಗ್ತದೆ, ಸುಮ್ಮಸುಮ್ಮನೆ ಅಳು, ಸಿಟ್ಟು. ಸೋಮಾರಿತನ ಅಂತ ಬೈಬೇಡಿ. ಬಿ12, ಥೈರಾಯ್ಡ್ ನೋಡಿಸಿ, ಮನಸ್ಸು ಕುಗ್ಗಿದ್ದಕ್ಕೂ ಔಷಧ ಉಂಟು, ಸ್ಟ್ರೋಕ್ ಆದವರಲ್ಲಿ ಅದು ಬಹಳ ಸಾಮಾನ್ಯ. ಹಿರಿಯರ ಕೈಯಿಂದ ಎಲ್ಲವನ್ನೂ ಕಿತ್ಕೊಳ್ಬೇಡಿ, ಲೆಕ್ಕ ಅವರೇ ಬರೀಲಿ, ನೀವು ಆಮೇಲೆ ಒಮ್ಮೆ ಕೂಡಿಸಿ ನೋಡಿದ್ರೆ ಆಯ್ತು. ಸ್ಕೂಟರ್ ಮಾತ್ರ ಡಾಕ್ಟ್ರು ಸರಿ ಅನ್ನುವ ತನಕ ಬೇಡ.

ಕಡೆಗೆ ಎಮರ್ಜೆನ್ಸಿ, ಇದನ್ನು ಮನೆಯ ಮಕ್ಕಳಿಗೂ ಕಲಿಸಿ. ನಗಲಿಕ್ಕೆ ಹೇಳಿ, ಬಾಯಿ ಒಂದು ಕಡೆ ಸೊಟ್ಟ ಆಗ್ತದಾ? ಎರಡೂ ಕೈ ಎತ್ತಲಿಕ್ಕೆ ಹೇಳಿ, ಒಂದು ಕೆಳಗೆ ಜಾರ್ತದಾ? ಒಂದು ವಾಕ್ಯ ಹೇಳಿಸಿ, ಮಾತು ತೊದಲ್ತದಾ? ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾಗುವುದು, ನಡೆಯುವಾಗ ಒಂದು ಕಡೆ ವಾಲುವುದೂ ಸೇರ್ತದೆ. ಒಂದಾದ್ರೂ ಹೌದು ಅಂದ್ರೆ ಗಂಟೆ ನೋಡಿ ಬರೆದುಕೊಳ್ಳಿ, ಕೊನೇ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಆ ಗಂಟೆಯಿಂದ ನಾಲ್ಕೂವರೆ ಗಂಟೆಯ ಒಳಗೆ ಆಗ್ಬೇಕು, ಬೇಗ ಆದಷ್ಟೂ ಒಳ್ಳೇದು. ದೊಡ್ಡ ನಾಳ ಕಟ್ಟಿದ್ರೆ ನಾಳದೊಳಗೆ ಸಪೂರ ನಳಿಗೆ (ಕ್ಯಾಥೆಟರ್) ಹಾಕಿ ಹೆಪ್ಪು ಎಳೆದು ತೆಗೆಯುವುದು ಕೆಲವರಿಗೆ 24 ಗಂಟೆಯ ತನಕವೂ ಆಗ್ತದೆ. ಬಾಯಿಗೆ ನೀರು ಹಾಕ್ಬೇಡಿ, ಗಂಟಲಲ್ಲಿ ಇಳಿಯದೆ ಶ್ವಾಸಕೋಶಕ್ಕೆ ಹೋಗ್ತದೆ. ಆಸ್ಪಿರಿನ್ನೂ ಕೊಡ್ಬೇಡಿ, ಒಳಗೆ ರಕ್ತಸ್ರಾವ ಆಗಿದ್ರೆ ಅದು ಹೆಚ್ಚಾಗ್ತದೆ, ಸಿಟಿ ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ. ಶುಗರ್ ಇರುವವರಾದ್ರೆ ಗಾಡಿ ಬರುವಷ್ಟರಲ್ಲಿ ಶುಗರ್ ನೋಡಿ. ಲಕ್ವಕ್ಕೆ ಎಣ್ಣೆ ತಿಕ್ಕುವವರ ಹತ್ರ ಮೊದಲು ಹೋಗಿ ಆ ನಾಲ್ಕೂವರೆ ಗಂಟೆ ಕಳಕೊಂಡವರನ್ನು ನಾನು ವಾರ್ಡಲ್ಲಿ ನೋಡಿದ್ದೇನೆ, ಆ ಮನೆಯವರ ಮುಖ ಮರೆಯಲಿಕ್ಕೆ ಆಗುವುದಿಲ್ಲ. ಹತ್ತು ನಿಮಿಷದಲ್ಲಿ ಸರಿ ಆದ್ರೂ ಅದೇ ದಿನ ಹೋಗ್ಲೇಬೇಕು, ಟಿಐಎ ಆದ ಮೇಲೆ ದೊಡ್ಡ ಸ್ಟ್ರೋಕಿನ ಅಪಾಯ ಅತಿ ಹೆಚ್ಚು ಇರುವುದು ಮೊದಲ ಎರಡು ದಿನದಲ್ಲೇ.

ಎಲ್ಲಿಗೆ ಹೋಗುವುದು ಅಂತ ಇವತ್ತೇ ತೀರ್ಮಾನ ಮಾಡಿಟ್ಕೊಳ್ಳಿ. ಮಣಿಪಾಲ, ಮಂಗಳೂರು ಹತ್ತಿರ ಇರುವುದು ನಮ್ಮ ಭಾಗ್ಯ, ಆದ್ರೆ ಬೈಂದೂರಿಂದಲೋ ಸುಳ್ಯದಿಂದಲೋ ರಾತ್ರಿ ಮಳೆಯಲ್ಲಿ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು ಯೋಚಿಸಿ. ರಾತ್ರಿ 2 ಗಂಟೆಗೂ ಸಿಟಿ ಸ್ಕ್ಯಾನ್ ಆಗುವ, ಆ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಅಂತ ಫೋನ್ ಮಾಡಿ ಕೇಳಿ. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಒಂದು ಹಾಳೆ ಅಂಟಿಸಿದ್ದೇವೆ: ಆ ಆಸ್ಪತ್ರೆಯ ನಂಬರ್, ಅಪ್ಪ ತಗೊಳ್ಳುವ ಮಾತ್ರೆ ಮತ್ತೆ ಡೋಸ್, ಅಲರ್ಜಿ ಇಲ್ಲ ಅಂತ, ಪಕ್ಕದ ಮನೆಯ ಅಣ್ಣನ ಕಾರಿನ ನಂಬರ್. ಕೆಳಗೆ ಕವರಲ್ಲಿ ಹಳೇ ಎಮ್‌ಆರ್‌ಐ ರಿಪೋರ್ಟ್, ಆಧಾರ್, ಆಯುಷ್ಮಾನ್ ಕಾರ್ಡು. ಮಾತ್ರೆ ಬದಲಾದ ದಿನ ಆ ಹಾಳೆಯನ್ನೂ ಬದಲಿಸ್ಬೇಕು.